ನಾಲ್ಕನೇ ನಂಬರಿನ ಕೋಳಿ

ಎಂಬತ್ತೊಂದನೆಯ ಇಸವಿಯ ಮುಂಗಾರಿನಲ್ಲಿ ಬೆಳ್ಳಟ್ಟಿಯ ಅಲ್ಮಾಸಬಿಯ ಹಿತ್ತಲಿಗೆ ಆರು ಸರಕಾರಿ ಕೋಳಿಗಳು ಬಂದವು. ಸುಮ್ಮನೆ ಬರಲಿಲ್ಲ, ಜೀಪಿನಲ್ಲಿ ಬಂದವು. ಆ ಓಣಿಯಲ್ಲಿ ಹುಟ್ಟಿದ ಮನುಷ್ಯರೇ ಜೀಪು ಹತ್ತಿರಲಿಲ್ಲ, ಹಾಗಾಗಿ ಕೋಳಿಗಳ ಮರ್ಯಾದೆ ಮೊದಲ ದಿನವೇ ಮೇಲೇರಿತು. ಒಂದೊಂದರ ಕಾಲಿಗೂ ತಗಡಿನ ಉಂಗುರ, ಉಂಗುರದ ಮೇಲೆ ಒಂದರಿಂದ ಆರರವರೆಗೆ ನಂಬರು.

ತಂದವನು ಆರೋಗ್ಯ ಇಲಾಖೆಯ ಪುಂಡಲೀಕಪ್ಪ. ಊರವರು ಅವನನ್ನು ಸೊಳ್ಳೆ ಸಾಹೇಬ ಎಂದು ಕರೆಯುತ್ತಿದ್ದರು. ಹೊತ್ತು ಮುಳುಗುವ ವೇಳೆಗೆ ಎಮ್ಮೆಯ ಕೊಟ್ಟಿಗೆ, ಹಂದಿಯ ಗೂಡು ಎಂದು ತಿರುಗಿ, ಗಾಜಿನ ಕೊಳವೆ ಬಾಯಿಗಿಟ್ಟು ಸೊಳ್ಳೆ ಹೀರಿ ಹಿಡಿಯುವವನಿಗೆ ಬೇರೆ ಯಾವ ಹೆಸರು ಬಂದೀತು? ಅಲ್ಮಾಸಬಿಯ ಮನೆಯನ್ನು ಆರಿಸಿದವನೂ ಅವನೇ. ಹಿತ್ತಲ ಹಿಂದೆ ನೀರು ನಿಂತ ಹಳ್ಳ, ಎಡಕ್ಕೆ ಎಮ್ಮೆಗಳು, ಬಲಗಡೆಯ ಮೋಟುಗೋಡೆಯಾಚೆ ಮೈಲಾರಪ್ಪನ ಹಂದಿಗಳು. ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ತವರುಮನೆ ಎಲ್ಲೂ ಇರಲಿಲ್ಲ.

"ಮೆದುಳು ಜ್ವರ ಅಂತ ಒಂದು ಐತ್ರಿ ಅವ್ವಾರ," ಎಂದು ಅವನು ತಿಳಿಸಿ ಹೇಳಿದ. "ಅದರ ವಿಷ ಕೊಕ್ಕರಿ, ಹಂದಿ ಮೈಯಾಗ ಇರತೈತಿ. ಹಂದಿಗೆ ಏನೂ ಆಗೂದಿಲ್ಲ. ಭತ್ತದ ಗದ್ದಿ ನೀರಾಗ ಹುಟ್ಟೂ ಸೊಳ್ಳಿ ಹಂದಿಗೆ ಕಚ್ಚಿ, ಆಮ್ಯಾಲ ಹುಡುಗರಿಗೆ ಕಚ್ಚಿದರ, ಅದು ಹುಡುಗರ ತಲಿಗೆ ಏರತೈತಿ. ಆದರ ಕೋಳಿಗೆ ಕಚ್ಚಿದರ ಕೋಳಿ ಸಾಯೂದಿಲ್ಲ, ರಕ್ತದಾಗ ಗುರ್ತು ಉಳೀತೈತಿ. ಹದಿನೈದು ದಿನಕ್ಕೊಮ್ಮಿ ನಾ ಬಂದು ರೆಕ್ಕಿಯಿಂದ ಒಂಚೂರ ರಕ್ತ ತಗೊಂಡು ಹೋಗ್ತೀನಿ. ಹುಡುಗರು ಹಾಸಿಗಿ ಹಿಡಿಯೂದಕ್ಕಿಂತ ಮೊದಲ ನಮಗ ಖಬರ ಸಿಗತೈತಿ."

"ಅಂದ್ರ ಇವು ಊರ ಕಾವಲಗಾರರು ಅನ್ರಿ," ಎಂದಳು ಅಲ್ಮಾಸಬಿ.

"ಹಂಗ ತಿಳ್ಕೋರಿ. ರಾತ್ರಿ ಬುಟ್ಟಿ ಮುಚ್ಚಬ್ಯಾಡ್ರಿ, ಈ ಜಾಳಗಿ ಪಂಜರದಾಗ ಇರಲಿ, ಸೊಳ್ಳಿ ಕಚ್ಚಬೇಕು. ಮಾರಬಾರದು, ಕೊಯ್ಯಬಾರದು, ಹೊರಗಿಂದ ಬ್ಯಾರೆ ಕೋಳಿ ತಂದು ಸೇರಿಸಬಾರದು. ಒಂದು ಸತ್ತರ ಸತ್ತೈತಿ ಅಂತ ಹೇಳ್ರಿ, ಮುಗೀತು."

ಇಷ್ಟೇ ಕಾಯಿದೆ. ಮೂರು ತಿಂಗಳು ಅಲ್ಮಾಸಬಿ ಅದನ್ನು ಅಕ್ಷರಶಃ ಪಾಲಿಸಿದಳು. ಯಾರಾದರೂ ಪಂಜರದ ಹತ್ತಿರ ನಿಂತರೆ ಸಾಕು, "ಮುಟ್ಟಬ್ಯಾಡ್ರಿ, ಸರಕಾರದ್ದು" ಎನ್ನುತ್ತಿದ್ದಳು. ಸರಕಾರದ್ದು ಎನ್ನುವಾಗ ಅವಳ ಕುತ್ತಿಗೆಯೂ ತುಸು ನೀಳವಾಗುತ್ತಿತ್ತು. ಪಾಪ, ಬದುಕಿನಲ್ಲಿ ಯಾರೂ ಅವಳ ಕೈಗೆ ನಂಬಿ ಏನನ್ನೂ ಕೊಟ್ಟಿರಲಿಲ್ಲ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಮಗಳು ಸಾಬೀರಾ ಗಂಡನೊಡನೆ ಹೊಸ್ತಿಲಲ್ಲಿ ನಿಂತಳು. ಮದುವೆಯಾದ ಮೇಲೆ ಅಳಿಯ ನಜೀರಸಾಬ ಅತ್ತೆಯ ಮನೆಗೆ ಬಂದದ್ದು ಅದೇ ಮೊದಲು. ಮುಂಡರಗಿಯಲ್ಲಿ ಕಿರಾಣಿ ಅಂಗಡಿಯಿಟ್ಟವನು, ಇಸ್ತ್ರಿ ಮುರಿಯದ ಅಂಗಿ ತೊಟ್ಟವನು, ಮುನ್ಸೂಚನೆ ಇಲ್ಲದೆ ಬಸ್ಸಿಳಿದು ಬಂದಿದ್ದ. ಮೊದಲ ಸಲ ಬಂದ ಅಳಿಯನ ತಾಟಿಗೆ ಕೋಳಿ ಬೀಳದಿದ್ದರೆ ಆ ಮಾತು ಮುಂಡರಗಿಯ ಬಸ್ ಸ್ಟ್ಯಾಂಡಿನವರೆಗೂ ಹೋಗುತ್ತದೆ. ಆದರೆ ಅಲ್ಮಾಸಬಿಯ ಸ್ವಂತ ಕೋಳಿಗಳು ಹಿಂದಿನ ತಿಂಗಳು ಬೇನೆ ಬಂದು ಸತ್ತಿದ್ದವು. ಸೂಜಿ ಹಾಕಿಸಿಕೊಂಡ ಸರಕಾರಿ ಕೋಳಿಗಳಷ್ಟೇ ಗುಂಡಗೆ ಉಳಿದಿದ್ದವು. ಅಳಿಯ ಪಡಸಾಲೆಯಲ್ಲಿ ಕುಳಿತಿರುವಾಗ ಓಣಿಯಲ್ಲಿ ಮನೆಮನೆಗೆ ಹೋಗಿ ಕೋಳಿ ಬೇಡುವುದೇ?

ಅವಳು ಗಂಡನ ಮುಖ ನೋಡಿದಳು. ಗಂಡ ಇಸ್ಮಾಯಿಲಸಾಬ ಪಂಜರ ನೋಡಿದ. ನಾಲ್ಕನೇ ನಂಬರಿನ ಕಂದು ಕೋಳಿ ಉಳಿದವುಗಳಿಗಿಂತ ದಪ್ಪಗಿತ್ತು. ಅದರ ಪಾಲಿಗೆ ಅದೇ ಮುಳುವಾಯಿತು.

ಇಸ್ಮಾಯಿಲಸಾಬ ತಗಡಿನ ಕೆಲಸದವನು. ಚಿಮಣಿ, ಡಬ್ಬಿ, ಎಣ್ಣೆಯ ಲಾಳಿಕೆ ಮಾಡಿ ಸಂತೆಗೆ ಒಯ್ಯುತ್ತಿದ್ದ. ಕತ್ತರಿಸಿದ ಕಾಲಿನಿಂದ ಉಂಗುರವನ್ನು ಗೀರೂ ಬೀಳದಂತೆ ಬಿಚ್ಚಿ, ಒರೆಸಿ, ಜೇಬಿನಲ್ಲಿಟ್ಟುಕೊಂಡ. ಮೂವತ್ತು ವರ್ಷ ಪ್ರಾಮಾಣಿಕವಾಗಿ ದುಡಿದ ಕೈ ಅಂದು ಮೊದಲ ಸಲ ಕಳ್ಳಗೆಲಸಕ್ಕೆ ಒದಗಿತು.

ಮರುದಿನ ಅಳಿಯ ಬಸ್ಸು ಹತ್ತಿ ಒಂದು ತಾಸೂ ಆಗಿರಲಿಲ್ಲ, ಪುಂಡಲೀಕಪ್ಪನ ಸೈಕಲ್ಲು ಬಾಗಿಲಿಗೆ ಬಂತು. ರಕ್ತ ತೆಗೆಯುವ ಸರದಿಗೆ ಇನ್ನೂ ವಾರವಿತ್ತು, ಆ ದಾರಿಯಲ್ಲಿ ಹೊರಟವನು ಕೋಳಿಗಳನ್ನು ವಿಚಾರಿಸಿಹೋಗಲು ಬಂದಿದ್ದ. ಪಂಜರದಲ್ಲಿ ಐದೇ ಕೋಳಿ. ಅವನು ಹಿತ್ತಲಿಗೆ ಕಾಲಿಟ್ಟರೆ ಕಥೆ ಮುಗಿಯಿತು. ಮನೆ ತುಂಬ ಕೋಳಿ ಸಾರಿನ ವಾಸನೆ, ಸತ್ತಿತೆಂದರೆ ಯಾರು ನಂಬುತ್ತಾರೆ? ಅಲ್ಮಾಸಬಿಗೆ ಹೊಳೆದದ್ದು ಒಂದೇ ದಾರಿ: ಉಂಡ ಮನುಷ್ಯ ಏಳುವುದಿಲ್ಲ. "ಬಿಸಲಾಗ ಬಂದೀರಿ, ಉಂಡು ಹೋಗ್ರಿ, ಅಳಿಯಂದ್ರು ಬಂದಿದ್ರು" ಎಂದು ಅವನನ್ನು ಪಡಸಾಲೆಯಲ್ಲೇ ಕೂರಿಸಿ, ಉಳಿದ ಸಾರನ್ನು ರೊಟ್ಟಿಯೊಂದಿಗೆ ಬಡಿಸಿದಳು. ಅವನು ಎರಡು ಸಲ ಹಾಕಿಸಿಕೊಂಡ. "ಸಾರು ಭಾರಿ ಆಗೈತ್ರಿ ಅವ್ವಾರ. ನಮ್ಮ ಕೋಳಿ ಹೆಂಗದಾವ?" ಎಂದು ಕೇಳಿದ.

"ಚೊಲೋ ಅದಾವ್ರಿ," ಎಂದಳು. ಆ ಕೋಳಿಯ ತೊಡೆ ಆಗ ಅವನ ಬಾಯಲ್ಲಿತ್ತು. ಕೈ ತೊಳೆದು ತೇಗಿ ಅವನು ಹೋದ ಮೇಲೆ ಅಲ್ಮಾಸಬಿ ತೊಳೆಯದ ತಾಟಿನ ಮುಂದೆ ಬಹಳ ಹೊತ್ತು ಕೂತಳು. ಸುಳ್ಳಿಗಿಂತ ಅವನ ಮೆಚ್ಚಿಕೆ ಅವಳನ್ನು ಹೆಚ್ಚು ಚುಚ್ಚಿತು.

ಈಗ ಕಂದು ಬಣ್ಣದ ಕೋಳಿಯೊಂದು ಬೇಕಿತ್ತು. ಕೊಯ್ಯಲು ಅಲ್ಲ, ತಿನ್ನಲು ಅಲ್ಲ, ಪಂಜರದಲ್ಲಿ ನಿಲ್ಲಲು. ಮೋಟುಗೋಡೆಯಾಚೆ ಮೈಲಾರಪ್ಪನ ಹೆಂಡತಿ ಫಕ್ಕೀರವ್ವನ ಬಳಿ ಅಂಥದೇ ಕೋಳಿ ಇತ್ತು, ಬೇನೆಯಲ್ಲಿ ಬದುಕುಳಿದದ್ದು. ಇಸ್ಮಾಯಿಲಸಾಬ ಅದನ್ನೇ ತೋರಿಸಿದ.

"ಹಂದಿ ಹೊರಳಾಡಿದ್ದರಾಗ ಕೆದರೂ ಕೋಳಿ ನಮ್ಮ ಹಿತ್ತಲಕ್ಕ ಬ್ಯಾಡ್ರಿ," ಎಂದಳು ಅಲ್ಮಾಸಬಿ. ಗೋಡೆಯ ಮೇಲಿಂದ ಫಕ್ಕೀರವ್ವನೊಡನೆ ದಿನಾ ಮಾತು, ನಗೆ, ಕಷ್ಟಸುಖ ಎಲ್ಲವೂ ಇತ್ತು. ಆದರೆ ಆ ಮನೆಯಿಂದ ಒಂದು ಹಿಡಿ ಉಪ್ಪೂ ಈಚೆ ಬಂದಿರಲಿಲ್ಲ. ಇಪ್ಪತ್ತು ವರ್ಷದಿಂದ ಹಾಗೇ ನಡೆದಿತ್ತು, ಅದರಲ್ಲಿ ತಪ್ಪಿದೆ ಎಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಅವಳು ಬಸ್ಸು ಹಿಡಿದು ಮುಂಡರಗಿಗೆ ಹೋಗಿ, ಅಲ್ಲಿಂದ ನಡೆದು, ತುಂಗಭದ್ರೆಯ ದಂಡೆಯ ಹೊಳೆಹೊಸೂರಿಗೆ ಮುಟ್ಟಿದಳು. ಅಲ್ಲಿ ಅವಳ ಅಕ್ಕ ಅಮೀನಬಿಯ ಮನೆ. ಹೊಳೆಗೆ ಪಂಪು ಹಾಕಿ ಸುತ್ತೆಲ್ಲ ಭತ್ತ ಬೆಳೆದಿದ್ದರು, ಗದ್ದೆಯ ತುಂಬ ಕೊಕ್ಕರೆ. "ಒಂದು ಕಂದು ಕೋಳಿ ಕೊಡು ಆಪಾ" ಎಂದರೆ ಅಕ್ಕ ಯಾಕೆ ಎಂದೂ ಕೇಳದೆ ಹಿಡಿದು ಕೊಟ್ಟಳು. ಮರುದಿನ ನಾಲ್ಕನೇ ನಂಬರಿನ ಉಂಗುರ ಹೊಳೆಯ ಕೋಳಿಯ ಕಾಲಿಗೆ ಕೂತಿತು, ಬೆಸುಗೆ ಎಲ್ಲಿದೆ ಎಂದು ಮಾಡಿದವನಿಗೇ ಕಾಣದಂತೆ.

ವಾರದ ಮೇಲೆ ಪುಂಡಲೀಕಪ್ಪ ರಕ್ತ ತೆಗೆಯುತ್ತ, "ನಾಲ್ಕನೇದು ಇಳದಂಗ ಕಾಣತೈತೆಲ್ರಿ?" ಎಂದ.

"ಪುಕ್ಕ ಉದರೂ ಕಾಲರಿ," ಎಂದಳು. ಅವನು ನಂಬಿದ. ಅವಳು ಹೇಳಿದ್ದನ್ನೆಲ್ಲ ನಂಬುವುದು ಅವನಿಗೆ ರೂಢಿಯಾಗಿತ್ತು.

ಬಕ್ರೀದ್ ಮುಗಿದು ಐದಾರು ದಿನಕ್ಕೆ ಬೆಳ್ಳಟ್ಟಿಗೆ ಎರಡು ಜೀಪು ಬಂದವು. ದೂರದ ಪ್ರಯೋಗಾಲಯದಿಂದ ತಾರು ಬಂದಿತ್ತು: ಬೆಳ್ಳಟ್ಟಿಯ ನಾಲ್ಕನೇ ನಂಬರಿನ ಕೋಳಿಯ ರಕ್ತದಲ್ಲಿ ಮೆದುಳು ಜ್ವರದ ಗುರುತು ಇದೆ. ಹಿಂದಿನ ಐದು ಸಲ ಇರಲಿಲ್ಲ, ಈಗ ಇದೆ. ಅಂದರೆ ರೋಗ ಊರೊಳಗೆ ಬಂದಿದೆ. ಶಾಲೆಯಲ್ಲಿ ತಂಡ ಬೀಡುಬಿಟ್ಟಿತು. ಓಣಿ ಓಣಿಗೆ ಹೊಗೆ ಹಾಕಿದರು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ರಕ್ತ ತೆಗೆದರು, ಹಂದಿಗಳನ್ನು ಊರಿಂದ ಎರಡು ಹರದಾರಿ ಆಚೆ ಒಯ್ಯಬೇಕೆಂದು ಮೈಲಾರಪ್ಪನಿಗೆ ಹೇಳಿದರು.

ಮೈಲಾರಪ್ಪ ಕೈ ಮುಗಿದ. "ಬೆನ್ನ ಮ್ಯಾಲ ಹೊಡೀರಿ, ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ," ಎಂದ. ಊರವರು ಅವನನ್ನು ಮಾತಾಡಗೊಡಲಿಲ್ಲ. ಅವನ ಹಂದಿಗಳು ಕಪ್ಪತಗುಡ್ಡದ ಕಡೆಯ ಕುರುಚಲಿಗೆ ಹೋದವು. ಮರಿ ಹಾಕಿದ್ದ ಹೆಣ್ಣು ಹಂದಿ ನಡೆಯಲಾರದೆ ನಡೆಯಿತು. ಮೂರನೇ ದಿನ ಅದರ ಮರಿಗಳು ತೋಳದ ಬಾಯಿಗೆ ಬಿದ್ದವೆಂದು ಸುದ್ದಿ ಬಂತು.

ಫಕ್ಕೀರವ್ವ ಗೋಡೆಗೆ ಬಂದು ನಿಂತಳು. "ನಿನ್ನ ಕೋಳಿ ನಮ್ಮ ಹಂದಿ ಮ್ಯಾಲ ಸಾಕ್ಷಿ ಹೇಳ್ತಂತಲ್ಲ ಅಕ್ಕಾ," ಎಂದಳು. ಅವಳ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಸರಕಾರ ಹೇಳಿದ ಮೇಲೆ ಖರೆ ಇರಬೇಕು ಎಂದು ನಂಬಿಬಿಟ್ಟಿದ್ದಳು. ಅಲ್ಮಾಸಬಿ ಒಲೆಯ ಮೇಲೆ ಏನೋ ಇಟ್ಟವಳಂತೆ ಒಳಗೆ ಓಡಿದಳು. ಒಲೆ ಹೊತ್ತಿಸಿಯೇ ಇರಲಿಲ್ಲ.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ತಂಡದ ದೊಡ್ಡ ಡಾಕ್ಟರು ಪಂಜರದ ಮುಂದೆ ಕೂತು, ಐದಕ್ಕೆ ಇಲ್ಲದ್ದು ಒಂದಕ್ಕೆ ಹೇಗೆ ಬಂತೆಂದು ತಲೆ ಕೆರೆದುಕೊಳ್ಳುವಾಗ ಅವಳು ಕಾಳು ಹಾಕಿದ ಬಟ್ಟಲಿಗೇ ಮತ್ತೆ ಕಾಳು ಹಾಕುತ್ತಿದ್ದಳು. ಆಗ ಪುಂಡಲೀಕಪ್ಪ ತನಗೆ ತಾನೇ ಎಂಬಂತೆ ಹೇಳಿದ: "ಕೋಳಿ ಸುಳ್ಳ ಹೇಳೂದಿಲ್ರಿ. ಇದಕ್ಕ ಸೊಳ್ಳಿ ಎಲ್ಲಿ ಕಚ್ಚೇತೋ, ಅಲ್ಲೆ ಹುಡುಗರಿಗೂ ಕಚ್ಚಾಕ ಹತ್ತೇತಿ."

ಈ ಕೋಳಿಗೆ ಸೊಳ್ಳೆ ಎಲ್ಲಿ ಕಚ್ಚಿದೆಯೆಂದು ಭೂಮಿಯ ಮೇಲೆ ಮೂವರಿಗೆ ಮಾತ್ರ ಗೊತ್ತಿರಲು ಸಾಧ್ಯವಿತ್ತು: ಅಲ್ಮಾಸಬಿಗೆ, ಅವಳ ಗಂಡನಿಗೆ, ಮತ್ತು ಮೇಲಿನವನಿಗೆ. ಹೊಳೆಹೊಸೂರಿನ ಭತ್ತ, ಕೊಕ್ಕರೆ, ಗದ್ದೆಯಂಚಿನ ಹಂದಿಗಳು, ಅಕ್ಕನ ಮೊಮ್ಮಗಳು ಅಖ್ತರಿ ಬರಿಮೈಯಲ್ಲಿ ಅಂಗಳದಲ್ಲಿ ಮಲಗುವುದು, ಎಲ್ಲ ಕಣ್ಣ ಮುಂದೆ ಬಂತು. ಬಾಯಿ ತೆರೆದರೆ ಆಯಿತು. ಆದರೆ ತೆರೆದರೆ ಸರಕಾರದ ಕೋಳಿ ಕೊಯ್ದವಳು, ಸಾಹೇಬನಿಗೇ ಅದನ್ನು ಉಣಿಸಿದವಳು, ಬಡವನ ಹಂದಿ ಓಡಿಸಿದವಳು. ಅಳಿಯ ಏನಂದಾನು? ಸಾಬೀರಾ ಆ ಮನೆಯಲ್ಲಿ ಮುಖ ಎತ್ತಿ ಹೇಗೆ ತಿರುಗಿಯಾಳು?

"ಇವತ್ತ ಹೇಳೋಣ್ರಿ," ಎಂದಳು ಗಂಡನಿಗೆ.

"ನಾಳೆ ನೋಡೋಣ," ಎಂದ ಅವನು.

ನಾಳೆ ಎಂಬುದು ಎಂಟು ಸಲ ಬಂತು. ಕೋಳಿಗೆ ಇಲ್ಲಿಯೇ ಕಚ್ಚಿರಬಹುದು ಎಂದು ಒಂದು ದಿನ, ಹೊಳೆಹೊಸೂರಿಂದ ಕೆಟ್ಟ ಸುದ್ದಿ ಬಂದಿಲ್ಲವಲ್ಲ ಎಂದು ಇನ್ನೊಂದು ದಿನ. ತನಗೆ ತಾನು ಹೇಳಿಕೊಳ್ಳುವ ಸುಳ್ಳಿಗೆ ತಗಡು ಬೇಕಿಲ್ಲ, ಬೆಸುಗೆ ಬೇಕಿಲ್ಲ.

ಒಂಬತ್ತನೆಯ ದಿನ ಮುಂಜಾನೆ ಮುಂಡರಗಿಯ ಬಸ್ಸಿನಿಂದ ಅಕ್ಕ ಅಮೀನಬಿ ಇಳಿದು ಬಂದಳು. ಹೆಗಲ ಮೇಲೆ ಆರು ವರ್ಷದ ಅಖ್ತರಿ. ಮೈ ಕಾದ ಹಂಚು, ಕುತ್ತಿಗೆ ಸೆಟೆದಿತ್ತು, ಕಣ್ಣು ತೆರೆದರೂ ಯಾರನ್ನೂ ಗುರುತಿಸುತ್ತಿರಲಿಲ್ಲ.

"ಮೂರು ದಿನ ಆತು. ಗಾಳಿ ಬಡದೈತಿ ಅಂದ್ರು," ಎಂದಳು ಅಮೀನಬಿ. "ನಮ್ಮೂರಾಗ ಇನ್ನೂ ನಾಕೈದು ಹುಡುಗರು ಹಿಂಗ ಬಿದ್ದಾವ. ಲಕ್ಷ್ಮೇಶ್ವರದ ದರ್ಗಾಕ್ಕ ಒಯ್ಯಾಕತ್ತೀನಿ. ಒಂಚೂರ ನೀರು ಕೊಡು, ಮುಂದಿನ ಬಸ್ಸಿಗೆ ಹೋಗ್ತೀವಿ."

ಅಲ್ಮಾಸಬಿ ಕೂಸನ್ನು ಅಕ್ಕನ ಹೆಗಲಿಂದ ಕಿತ್ತುಕೊಂಡು ಶಾಲೆಯ ಕಡೆ ಓಡಿದಳು. ಅಕ್ಕ ಹಿಂದೆ ಹಿಂದೆ ಬಂದಳು. ಓಡುವಾಗಲೂ ಅಲ್ಮಾಸಬಿಯ ತಲೆ ಒಂದು ಲೆಕ್ಕ ಹಾಕುತ್ತಿತ್ತು, ಅದನ್ನು ನೆನೆದರೆ ಅವಳಿಗೆ ಸಾಯುವವರೆಗೂ ತನ್ನ ಮೇಲೆ ಹೇಸಿಗೆ: ಕೂಸನ್ನು ಡಾಕ್ಟರ ಕೈಗೆ ಕೊಟ್ಟರೆ ಸಾಕು, ಕೋಳಿಯ ಮಾತು ಎತ್ತಬೇಕಾಗಿಲ್ಲ.

ಡಾಕ್ಟರು ಕೂಸಿನ ಕುತ್ತಿಗೆ ಬಗ್ಗಿಸಿ ನೋಡಿದರು, ಕಣ್ಣು ನೋಡಿದರು. ಜೀಪು ತರಲು ಹೇಳಿ, ಗದಗಿನ ಆಸ್ಪತ್ರೆಗೆ ಚೀಟಿ ಬರೆಯುತ್ತ ಕೇಳಿದರು: "ಈ ಮಗು ಈ ಊರಿಗೆ ಯಾವಾಗ ಬಂದಿತ್ತು?"

"ಬಕ್ರೀದಿಗೆ ಬಂದು ಎರಡು ದಿನ ಇದ್ದು ಹೋಗಿತ್ರಿ," ಎಂದಳು ಅಮೀನಬಿ.

"ಹಾಗಾದರೆ ಸರಿ. ಇಲ್ಲೇ ಕಚ್ಚಿದೆ. ಬೆಳ್ಳಟ್ಟಿ ಅಂತ ಬರೆದುಕೋ," ಎಂದರು ಪುಂಡಲೀಕಪ್ಪನಿಗೆ.

ಶಾಲೆಯ ಕಟ್ಟೆಯ ಸುತ್ತ ಜನ ಸೇರಿತ್ತು. "ಕೇಳಿದ್ರಿಲ್ಲೋ? ಇದು ಮೈಲಾರಪ್ಪನ ಹಂದಿ ಕೆಲಸ. ಇವತ್ತ ಕೂಸು ಬಿತ್ತು, ನಾಳೆ ನಮ್ಮವು ಬೀಳತಾವ. ಅವನ ಗುಡಿಸಲಾನೂ ಕಿತ್ತು ಒಗೀರಿ," ಎಂದ ಒಬ್ಬ. ಇಬ್ಬರು ಆಗಲೇ ಬಡಿಗೆ ಹುಡುಕುತ್ತಿದ್ದರು. ಜನರ ಹಿಂದೆ ಫಕ್ಕೀರವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಪುಂಡಲೀಕಪ್ಪ ಪೆನ್ನಿನ ಮುಚ್ಚಳ ತೆಗೆದ.

"ಬರೀಬ್ಯಾಡ್ರಿ," ಎಂದಳು ಅಲ್ಮಾಸಬಿ.

ಅವನು ತಲೆ ಎತ್ತಿದ.

"ಬೆಳ್ಳಟ್ಟಿ ಅಂತ ಬರೀಬ್ಯಾಡ್ರಿ. ಆ ಕೋಳಿ ನಿಮ್ಮದಲ್ರಿ. ನಿಮ್ಮ ನಾಕನೇ ನಂಬರ ನಾ ಕೊಯ್ಸೀನಿ. ಅಳಿಯ ಬಂದಿದ್ದ, ಮನ್ಯಾಗ ಬ್ಯಾರೆ ಕೋಳಿ ಇರಲಿಲ್ಲ. ಈಗಿಂದು ಹೊಳಿಹೊಸೂರಿಂದ ತಂದಿದ್ದು, ನಮ್ಮ ಆಪಾನ ಮನಿದು. ಉಂಗುರ ಬದಲಿ ಮಾಡೀವ್ರಿ. ಸೊಳ್ಳಿ ಅಲ್ಲೆ ಕಚ್ಚೇತಿ. ಅಲ್ಲೆ ಹುಡುಗರು ಬಿದ್ದಾವ್ರಿ, ಜಲ್ದಿ ಹೋಗ್ರಿ."

ಪುಂಡಲೀಕಪ್ಪನ ಮುಖ ಮೊದಲು ಕೆಂಪಾಗಿ ಆಮೇಲೆ ಬಿಳುಚಿತು. "ಯಾವತ್ತರಿ ಕೊಯ್ಸಿದ್ದು?" ಎಂದ, ಸಣ್ಣ ದನಿಯಲ್ಲಿ.

"ನೀವು ಉಂಡು ಹೋದ್ರೆಲ್ರಿ, ಅದರ ಹಿಂದಿನ ದಿನ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. "ಸರಕಾರದ ಕೋಳಿ ಸರಕಾರದ ಹೊಟ್ಟಿಗೇ ಹೋತು ಬಿಡು" ಎಂದು ಇನ್ನೊಬ್ಬ ಹೇಳಿದ. ನಗೆ ಕಟ್ಟೆಯ ಸುತ್ತ ಹರಡಿತು. ಆ ನಗೆಯ ನಡುವೆ ಅಲ್ಮಾಸಬಿ ಸುಡುವ ಕೂಸನ್ನು ಎದೆಗವಚಿಕೊಂಡು ನಿಂತಿದ್ದಳು. ಭೂಮಿ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದಳು. ಡಾಕ್ಟರು ನಗಲಿಲ್ಲ, ಬಯ್ಯಲೂ ಇಲ್ಲ. ಒಂದು ಜೀಪನ್ನು ಗದಗಿಗೆ, ಇನ್ನೊಂದನ್ನು ಹೊಳೆಹೊಸೂರಿಗೆ ಎಂದು ಹೇಳಿ ತಾವೇ ಎರಡನೆಯದನ್ನು ಹತ್ತಿದರು. ಅವಳು ಜೀಪಿನ ಬಾಗಿಲು ಹಿಡಿದುಕೊಂಡಳು.

"ಸಾಹೇಬ್ರ, ಎಂಟು ದಿನ ಮೊದಲ ಹೇಳಿದ್ದರ?"

ಡಾಕ್ಟರು ಅವಳನ್ನು ನೋಡಿದರು. "ಈ ಜ್ವರಕ್ಕೆ ಔಷಧಿ ಇಲ್ಲಮ್ಮ. ಹೊಗೆ ಹಾಕಬಹುದಿತ್ತು, ಮಕ್ಕಳನ್ನು ಪರದೆಯೊಳಗೆ ಮಲಗಿಸಬಹುದಿತ್ತು, ಬೇಗ ಆಸ್ಪತ್ರೆಗೆ ತರಬಹುದಿತ್ತು. ಏನಾಗುತ್ತಿತ್ತು ಅಂತ ಹೇಳಲಾರೆ," ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಹೊಳೆಹೊಸೂರಿನಲ್ಲಿ ಏಳು ಮಕ್ಕಳು ಜ್ವರದಿಂದ ಮಲಗಿದ್ದರು. ಇಬ್ಬರು ತೀರಿಕೊಂಡರು, ಒಬ್ಬನು ಜೀಪು ಹೋಗುವ ಹಿಂದಿನ ದಿನವೇ. ಅಖ್ತರಿ ಉಳಿದಳು. ಆದರೆ ಬಲಗೈ ಮಡಚಿಕೊಂಡೇ ಉಳಿಯಿತು, ಮಾತು ತೊದಲಿತು. ಅಮೀನಬಿ ತಂಗಿಗೆ ಒಂದೇ ಮಾತು ಹೇಳಿ ಕಳಿಸಿದಳು: ಕೋಳಿ ಕೇಳಿದಾಗ ಯಾಕ ಅಂತ ನಾನರ ಕೇಳಬೇಕಿತ್ತು. ಪುಂಡಲೀಕಪ್ಪನನ್ನು ಬೇರೆ ತಾಲೂಕಿಗೆ ಹಾಕಿದರು. ಹೋಗುವ ದಿನ ಅವನು ಉಳಿದ ಐದು ಕೋಳಿಗಳನ್ನು ಒಯ್ಯಲು ಬಂದ. ಅವಳು ಚಹಾ ತಂದಿಟ್ಟಳು. ಅವನು ಅದನ್ನು ಮುಟ್ಟಲಿಲ್ಲ.

ತಿಂಗಳಾದ ಮೇಲೆ ಬೆಳ್ಳಟ್ಟಿಯ ಮಕ್ಕಳ ರಕ್ತದಲ್ಲಿ ಏನೂ ಇಲ್ಲವೆಂದು ಕಾಗದ ಬಂತು. ಹಂದಿಗಳನ್ನು ತಿರುಗಿ ತರಬಹುದೆಂದರು. ಅಳಿದುಳಿದವನ್ನು ಹುಡುಕಿ ತರಲು ಮೈಲಾರಪ್ಪ ಹೋದ. ಆ ದಿನ ಅಲ್ಮಾಸಬಿ ಗೋಡೆಯ ಹತ್ತಿರ ನಿಲ್ಲದೆ, ಓಣಿ ಸುತ್ತಿ, ಫಕ್ಕೀರವ್ವನ ಬಾಗಿಲಿಗೆ ಹೋದಳು. ಇಪ್ಪತ್ತು ವರ್ಷದಲ್ಲಿ ಆ ಬಾಗಿಲನ್ನು ಮುಂದಿನಿಂದ ನೋಡಿದ್ದು ಅದೇ ಮೊದಲು. ಫಕ್ಕೀರವ್ವ ಬರಿದಾದ ಹಂದಿಗೂಡು ಗುಡಿಸುತ್ತಿದ್ದಳು. ಅವಳ ಕಾಲ ಬಳಿ ಕಂದು ಕೋಳಿ ಕೆದರುತ್ತಿತ್ತು.

"ತಪ್ಪಾತು ಫಕ್ಕೀರವ್ವ," ಎಂದಳು ಅಲ್ಮಾಸಬಿ. "ಎಂಟು ದಿನ ನೋಡಿಕೋತ ಸುಮ್ನಿದ್ನಿ."

ಫಕ್ಕೀರವ್ವ ಕಸಬರಿಗೆ ನಿಲ್ಲಿಸಲಿಲ್ಲ. "ಎಂಟು ದಿನದ್ದಿರಲಿ. ಅಳಿಯ ಬಂದ ದಿನ ನನ್ನ ಒಂದು ಮಾತು ಕೇಳಿದ್ದರ ಕೋಳಿ ಕೊಡತಿರಲಿಲ್ಲೇನು? ಕೊಯ್ದ ಮ್ಯಾಲಾದರೂ ಕೇಳಬೇಕಿಲ್ಲೋ? ಇದ ಕಂದು ಕೋಳಿ. ಗೋಡಿ ಮ್ಯಾಲಿಂದ ಕೈ ಚಾಚಿದರ ಸಿಗತಿತ್ತು. ಇದನ್ನ ನಿಲ್ಲಿಸಿದ್ದರ ಇದರ ರಕ್ತ ಈ ಊರಿನ ಖಬರ ಹೇಳತಿತ್ತು, ನಮ್ಮ ಹಂದಿ ಇಲ್ಲೇ ಇರತಿದ್ದವು."

ನೆನಪಾಗಲಿಲ್ಲ ಎನ್ನಬಹುದಿತ್ತು. ಅಲ್ಮಾಸಬಿಯ ಬಾಯವರೆಗೂ ಬಂತು.

"ಯಾಕ ಕೇಳಲಿಲ್ಲ ಅಂತ ನನಗ ಗೊತ್ತೈತಿ," ಎಂದಳು ಫಕ್ಕೀರವ್ವ. "ಮತ್ತೊಂದು ಸುಳ್ಳ ಹೇಳಬ್ಯಾಡ."

ಬಿಸಿಲು ಏರಿತ್ತು. ಅಲ್ಮಾಸಬಿಯ ಗಂಟಲು ಒಣಗಿತ್ತು. ಬಾಗಿಲ ಪಕ್ಕ ನೀರಿನ ಕೊಡ ಇತ್ತು, ಅದರ ಮೇಲೆ ತಂಬಿಗೆ ಬೋರಲಾಗಿತ್ತು. "ಒಂದು ತಂಬಿಗಿ ನೀರು ಕೊಡು ತಂಗಿ," ಎಂದಳು. ಬೇಕಾಗಿದ್ದೂ ನೀರೇ, ಕೇಳಬೇಕಾಗಿದ್ದೂ ಅದನ್ನೇ.

ಫಕ್ಕೀರವ್ವ ಆಗ ಕಸಬರಿಗೆ ನಿಲ್ಲಿಸಿದಳು.

"ಇಪ್ಪತ್ತು ವರ್ಷ ನಿನಗ ನಮ್ಮನಿ ನೀರು ಬ್ಯಾಡಾಗಿತ್ತು," ಎಂದಳು. "ಇವತ್ತ ಕೊಡಾಕ ನನಗ ಮನಸಿಲ್ಲ. ಹಂದಿ ತಿರುಗಿ ಬರಲಿ, ಎಷ್ಟು ಉಳದಾವ ನೋಡೋಣ. ಆಮ್ಯಾಲ ಬಂದು ಕೇಳು."

"ಬರ್ತೀನಿ," ಎಂದಳು ಅಲ್ಮಾಸಬಿ. ಓಣಿ ಸುತ್ತಿ ಮನೆಗೆ ಬಂದಳು. ಮನೆಯ ಕೊಡ ತುಂಬಿತ್ತು, ಆದರೂ ಅವಳು ಸಂಜೆಯವರೆಗೆ ನೀರು ಕುಡಿಯಲಿಲ್ಲ. ಗೋಡೆಯ ಹತ್ತಿರ ಕೂತು ಹಂದಿಗಳ ದನಿ ಬರುತ್ತದೆಯೇ ಎಂದು ಕಾಯುತ್ತಿದ್ದಳು.